ಇನ್ನೂರ ತೊಂಬತ್ತೊಂದನೆಯವರ ಹಿಂದೆ

೨೦೧೪ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಐವತ್ಮೂರು ನಿಮಿಷಕ್ಕೆ ನಮ್ಮ ಊರಿನ ನೀರಂಗಳದಲ್ಲಿ ಒಬ್ಬಳೇ ಹೆಂಗಸು ನಿಂತಿದ್ದಾಗ ನಲ್ಲಿಗಳಲ್ಲಿ ನೀರು ಬಂತು. ನಾನು ಗೇಟಿನ ಹೊರಗಿದ್ದೆ. ಗಡಿಯಾರ ನೋಡಿ ಬರೆದುಕೊಂಡೆ. ಆ ಪುಟವನ್ನು ಮುಂದೆ ಮೂರು ಸಮಿತಿಗಳು ಓದಿದವು. ಮೂರೂ ಅದರಲ್ಲಿ ಕಾಗುಣಿತದ ತಪ್ಪುಗಳನ್ನು ಹುಡುಕಿ ಗುರುತು ಹಾಕಿದವು.

ನೀರಂಗಳವೆಂದರೆ ಎತ್ತರದ ಗೋಡೆಗಳ ದೊಡ್ಡ ಅಂಗಳ. ಗೋಡೆಗಳ ಉದ್ದಕ್ಕೂ ಹಿತ್ತಾಳೆಯ ಕೊಳವೆ ಸುತ್ತಿಕೊಂಡಿದೆ, ಹೆಜ್ಜೆಗೊಂದು ನಲ್ಲಿ. ಬೆಳಿಗ್ಗೆ ಆರರಿಂದ ಏಳರವರೆಗೆ, ಅಂಗಳದೊಳಗೆ ಇರುವವರು ಕಿರಿಯರಿಂದ ಹಿರಿಯರವರೆಗೆ ಹುಟ್ಟಿದ ಕ್ರಮದಲ್ಲಿ ಗೋಡೆಗುಂಟ ನಿಂತರೆ ಎಲ್ಲ ನಲ್ಲಿಗಳಲ್ಲೂ ಒಟ್ಟಿಗೆ ನೀರು ಬರುತ್ತದೆ. ಒಬ್ಬರು ಹಿಂದುಮುಂದಾದರೂ ಒಂದು ಹನಿ ಇಲ್ಲ. ಏಳಕ್ಕೆ ಸರಿಯಾಗಿ ನಿಂತುಹೋಗುತ್ತದೆ. ಊರಿನಲ್ಲಿ ಬೇರೆ ಸಿಹಿನೀರಿಲ್ಲ. ಮನೆಗೊಬ್ಬರಂತೆ ನಾನೂರ ಹನ್ನೆರಡು ಜನ ದಿನಾ ಬಂದು ನಿಲ್ಲುತ್ತಾರೆ. ಯಾರಾದರೂ ಜ್ವರ ಬಂದು ಮಲಗಿದರೆ ಪಕ್ಕದ ಮನೆಯವರು ಅವರ ಕೊಡವನ್ನು ತಂದು ಅವರ ಜಾಗದಲ್ಲಿ ಇಡುತ್ತಾರೆ. ಸಾಲು ಪೂರ್ತಿಯಾಗದೆ ನೀರು ಬರುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಸತ್ತವರ ಕೊಡವನ್ನು ಕೂಡ ಹನ್ನೊಂದು ದಿನ ಇಡುವುದುಂಟು. ಕೊಡಕ್ಕೆ ವಯಸ್ಸೆಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ಗಣಿತದಲ್ಲಿ ಎಂ.ಎಸ್‌ಸಿ. ಮಾಡಿದವಳು ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಹೇಳುತ್ತೇನೆ.

ಸಾಲು ಬೇಗ ಸರಿಯಾದಷ್ಟೂ ನೀರಿಗೆ ಹೆಚ್ಚು ಸಮಯ ಸಿಗುತ್ತದೆ. ಹಾಗಾಗಿ ನಮ್ಮ ಊರಿನಲ್ಲಿ ವಿಂಗಡಣಾ ಸಂಶೋಧನಾ ಮಂದಿರ ಹುಟ್ಟಿಕೊಂಡಿತು. ಹದಿನಾಲ್ಕು ಕೋಣೆ, ಒಂದು ಗ್ರಂಥಾಲಯ, ಒಂದು ಕಂಪ್ಯೂಟರ್, ಒಂದು ಜೀಪು. ನಾನು ಅಲ್ಲಿ ಕಿರಿಯ ಸಂಶೋಧನಾ ಸಹಾಯಕಿ, ಅಂದರೆ ಗೇಟಿನಲ್ಲಿ ಗಡಿಯಾರ ಹಿಡಿದು ನಿಲ್ಲುವವಳು. ನಿರ್ದೇಶಕರು ನಂಜರಾಜಯ್ಯನವರು. ವಿಂಗಡಣೆ ಎಲ್ಲ ಶಾಸ್ತ್ರಗಳಿಗೂ ತಾಯಿ ಎಂದು ನಂಬಿದವರು. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಗೂಡುಗಳಿಗೆ ಹಾಕುವುದು, ಮೆಣಸಿನಕಾಯಿ ಮಂಡಿಯಲ್ಲಿ ಬಣ್ಣ ನೋಡಿ ರಾಶಿ ಮಾಡುವುದು, ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳನ್ನು ಬಿಡಿಸಿ ಜೋಡಿಸುವುದು ಎಲ್ಲವನ್ನೂ ಜೀಪಿನಲ್ಲಿ ಹೋಗಿ ನೋಡಿ ಬಂದಿದ್ದರು. ಪ್ರತಿ ಪ್ರವಾಸಕ್ಕೂ ಒಂದು ವರದಿ ಬಂತು, ಪ್ರತಿ ವರದಿಗೂ ಒಂದು ಹೊಸ ಪದ್ಧತಿ.

ಮೊದಲು ಪಕ್ಕದವರ ಪದ್ಧತಿ ಇತ್ತು. ನಿಮ್ಮ ಪಕ್ಕದವರು ನಿಮಗಿಂತ ಕಿರಿಯರಾದರೆ ಜಾಗ ಬದಲಿಸಿ, ಮತ್ತೆ ಕೇಳಿ, ಮತ್ತೆ ಬದಲಿಸಿ. ಅದಕ್ಕೆ ನಲವತ್ತೆಂಟು ನಿಮಿಷ ಹಿಡಿಯುತ್ತಿತ್ತು, ಹನ್ನೆರಡು ನಿಮಿಷ ನೀರು. ಆಮೇಲೆ ಎರಡು ಕೇರಿಯವರು ತಮ್ಮ ತಮ್ಮಲ್ಲೇ ಸಾಲಾಗಿ ಬಂದು ಕೊನೆಗೆ ಒಂದಾಗುವ ಪದ್ಧತಿ ಬಂತು. ಕಾಗದದ ಮೇಲೆ ಅದೇ ಎಲ್ಲಕ್ಕಿಂತ ಚುರುಕು. ಆದರೆ ಕೂಡುವ ಜಾಗದಲ್ಲಿ ಮೇಲ್ಕೇರಿಯವರು ಕೆಳಕೇರಿಯವರನ್ನು "ನೀವು ದೊಡ್ಡೋರೋ ನಾನು ದೊಡ್ಡೋನೋ" ಎಂದು ಬಾಯಿಬಿಟ್ಟು ಕೇಳಬೇಕಿತ್ತು. ವಾಲಗದವರು ಯಾರ ಮದುವೆಗೆ ಮೊದಲು ಬರಬೇಕು ಎಂಬ ಜಗಳದ ನಂತರ ಎರಡು ಕೇರಿಗೂ ಮಾತಿರಲಿಲ್ಲ. ಆ ಒಂದು ವಾರ ಊರು ಉಪ್ಪುನೀರು ಕುಡಿಯಿತು. ಆಮೇಲೆ ಕಂಪ್ಯೂಟರ್ ಬಂತು. ಅದು ನಾನೂರ ಹನ್ನೆರಡು ಹೆಸರುಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ವಿಂಗಡಿಸಿತು. ಆದರೆ ಅವರಲ್ಲಿ ಮುನ್ನೂರ ಹದಿನೆಂಟು ಜನರ ಜನ್ಮದಿನ ಜೂನ್ ಒಂದು, ಶಾಲೆಗೆ ಸೇರಿಸಿದ ದಿನ ಮೇಷ್ಟರು ಬರೆದದ್ದು. ಸಾಲು ನೇರವಾಗಿ ನಿಂತಿತು, ನೀರು ಬರಲಿಲ್ಲ. ಕಂಪ್ಯೂಟರಿನದು ಏನೂ ತಪ್ಪಿಲ್ಲವೆಂದು ನಿರ್ದೇಶಕರು ಪ್ರಕಟಣೆ ಕೊಟ್ಟರು.

ಈಗ ನಡೆಯುತ್ತಿದ್ದುದು ನಡುವಿನವರ ಪದ್ಧತಿ. ಒಬ್ಬರನ್ನು ಅಂಗಳದ ನಡುವೆ ನಿಲ್ಲಿಸುವುದು, ಅವರಿಗಿಂತ ಕಿರಿಯರು ಎಡಕ್ಕೆ, ಹಿರಿಯರು ಬಲಕ್ಕೆ ಹೋಗುವುದು, ಆಮೇಲೆ ಆ ಎಡದಲ್ಲೂ ಬಲದಲ್ಲೂ ಇನ್ನೊಬ್ಬೊಬ್ಬ ನಡುವಿನವರು. ಮೂವತ್ತು ನಿಮಿಷಕ್ಕೆ ಸಾಲು ಮುಗಿಯುತ್ತಿತ್ತು. ಆದರೆ ಮೊದಲ ನಡುವಿನವರಾಗುವುದು ಊರಿನಲ್ಲಿ ದೊಡ್ಡ ಮರ್ಯಾದೆಯಾಯಿತು. ಅವರು ಶಾಲು ಹೊದ್ದು ಬರತೊಡಗಿದರು, ಒಬ್ಬರಂತೂ ಭಾಷಣ ಮಾಡಿದರು. ನೀವು ಕೇಳಬಹುದು, ಸರಿಯಾದ ಕ್ರಮದ ಪಟ್ಟಿಯನ್ನೇ ಜನರಿಗೆ ಕೊಟ್ಟುಬಿಟ್ಟರೆ ಆಗುವುದಿಲ್ಲವೇ ಎಂದು. ಪಟ್ಟಿ ಇತ್ತು, ಮಂದಿರದ ಬೀರುವಿನಲ್ಲಿ. ಕೊಟ್ಟರೆ ಸಂಶೋಧನೆಯ ಫಲಿತಾಂಶಕ್ಕೆ ಧಕ್ಕೆ ಬರುತ್ತದೆಂದು ಅದು ಗೌಪ್ಯ. ಜನ ನಿನ್ನೆಯ ನೆನಪಿನಿಂದ ಪ್ರಯೋಗ ಕೆಡಿಸಬಾರದೆಂದು ದಿನಾ ಗೇಟಿನಲ್ಲಿ ಚೀಟಿ ಎತ್ತಿ, ಅವರನ್ನು ಚೆನ್ನಾಗಿ ಕಲಸಿಯೇ ಒಳಗೆ ಬಿಡುತ್ತಿದ್ದೆವು. ಕಲಸುವ ಕೆಲಸ ನನ್ನದು.

ಆ ವರ್ಷ ಪುರಸಭೆಗೆ ಬುದ್ಧಿ ಬಂದು, ಯುಗಾದಿಯ ಹೊತ್ತಿಗೆ ನೀರಂಗಳದ ನೆಲಕ್ಕೆ ನಂಬರಿನ ಹಿತ್ತಾಳೆ ಬಿಲ್ಲೆಗಳನ್ನು ಕೂರಿಸುವುದೆಂದು ತೀರ್ಮಾನವಾಯಿತು. ಅವರವರ ಬಿಲ್ಲೆಯ ಮೇಲೆ ಅವರವರು. ಪಟ್ಟಿ ಕೊಡುವುದು ಮಂದಿರದ ಜವಾಬ್ದಾರಿ. ಬಿಲ್ಲೆ ಇಲ್ಲದವರಿಗೆ ಯುಗಾದಿಯ ನಂತರ ಒಳಗೆ ಪ್ರವೇಶವಿಲ್ಲ. ಇಡೀ ಊರಿನಲ್ಲಿ ಬಿಲ್ಲೆ ಇಲ್ಲದ ಮನೆ ಒಂದೇ ಇತ್ತು. ಅದು ಸಿಕ್ಕಮ್ಮನದು.

ಸಿಕ್ಕಮ್ಮ ಹೆರಿಗೆ ಆಸ್ಪತ್ರೆಯ ಆಯಾ ಆಗಿದ್ದವಳು. ಎಳೆ ಕೂಸಾಗಿದ್ದಾಗ ಅದೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಸಿಕ್ಕಿದ್ದಳು. ಅಲ್ಲೇ ಬೆಳೆದು, ಹದಿಮೂರಕ್ಕೇ ಕೆಲಸಕ್ಕೆ ನಿಂತು, ಊರಿನ ಅರ್ಧ ಜನರನ್ನು ಮೊದಲು ಕೈಗೆತ್ತಿಕೊಂಡವಳು. ಸಾಲಿನಲ್ಲಿ ಇಬ್ಬರಿಗೆ ಯಾರು ಮೊದಲೆಂದು ತಕರಾರಾದರೆ ನಾವು ಅವಳನ್ನೇ ಕೇಳಿ ಬರುತ್ತಿದ್ದೆವು. "ರುದ್ರೇಶನ್ನ ಎತ್ಕೊಂಡಾಗ ಹಾಲಿನೋನು ಇನ್ನೂ ಬಂದಿರ್ಲಿಲ್ಲ, ತಿಪ್ಪೇಶಿ ಹುಟ್ಟಿದಾಗ ಹಾಲು ಕಾಯ್ತಿತ್ತು" ಎಂದರೆ ಮುಗಿಯಿತು. ನನ್ನ ಬಗ್ಗೆಯೂ ಹೇಳಿದ್ದಳು: "ನೀನು ಹುಟ್ಟಿದ್ದು ಕರೆಂಟು ಹೋದಾಗ ಕಣೆ ವತ್ಸಲಾ. ಕರೆಂಟು ಬರೋ ಮುಂಚೆನೇ ಅಳು ನಿಲ್ಸಿದ್ದೆ. ಅವತ್ತೇ ಗೊತ್ತಾಯ್ತು, ಈ ಹುಡುಗಿ ಬಾಯಿ ಮುಚ್ಕೊಂಡು ಲೆಕ್ಕ ಹಾಕೋಳು ಅಂತ."

ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಇರುವವರೆಗೆ ಆಸ್ಪತ್ರೆಯ ನೀರು ಸಿಗುತ್ತಿತ್ತು. ನಿವೃತ್ತಿಯಾಗಿ, ಜನವರಿಯಲ್ಲಿ ಕೆಳಕೇರಿಯಲ್ಲಿ ಒಂದು ಕೋಣೆ ಹಿಡಿದ ಮೇಲೆ ಮೊದಲ ಬಾರಿಗೆ ಕೊಡ ಹಿಡಿದು ಸಾಲಿಗೆ ಬಂದಳು. ಎಲ್ಲಿ ನಿಲ್ಲುವುದು? ಅವಳಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಇಲ್ಲಿ ನಿಲ್ಲಿಸಿ ನೋಡಿದರು, ಅಲ್ಲಿ ನಿಲ್ಲಿಸಿ ನೋಡಿದರು, ಏಳು ಗಂಟೆಯಾಯಿತು. ಅವತ್ತು ನಾನೂರ ಹನ್ನೆರಡು ಮನೆಯ ಕೊಡಗಳು ಖಾಲಿ ಹೋದವು. ಮಾರನೆಯ ದಿನ ಅವಳಿಗೆ ಗೇಟಿನಲ್ಲೇ ಹೇಳಿದರು, ಎಲ್ಲರದ್ದೂ ಮುಗಿದ ಮೇಲೆ ಬಾ, ಕೊಳವೆಯಲ್ಲಿ ಉಳಿದದ್ದು ಹಿಡಿದುಕೋ. ಊರಿನ ಎಲ್ಲರ ಸರದಿಯನ್ನು ಬಲ್ಲವಳು ಎರಡು ತಿಂಗಳು ಗೇಟಿನ ಹೊರಗೆ ಕೊಡ ಬೋರಲು ಹಾಕಿ ಕೂತಳು.

ಮಾರ್ಚ್ ೧೧ರಂದು ನಾನು ನೋಡಿದ್ದು ಇಷ್ಟು: ಕೊನೆಯವರು ಹೊರಗೆ ಹೋದ ಮೇಲೆ ಅವಳು ಒಳಗೆ ಹೋದಳು. ಎರಡು ಕೊಡ ತುಂಬಿತು. ಬಿಂದಿಗೆ ತುಂಬಿತು. ಆಮೇಲೆ ಅವಳು ಕಾಲು ತೊಳೆದಳು, ಮುಖ ತೊಳೆದಳು, ಸೆರಗು ಹಿಂಡಿಕೊಂಡಳು. ನೀರಿನ ರಭಸ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಉಳಿಕೆ ನೀರು ಹೀಗೆ ಬರುವುದಿಲ್ಲ. ಏಳಕ್ಕೆ ಕತ್ತರಿಸಿದಂತೆ ನಿಂತಿತು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಹೊಳೆಯಿತು. ಒಬ್ಬರೇ ನಿಂತ ಸಾಲಿನಲ್ಲಿ ಹಿಂದುಮುಂದಾಗಲು ಯಾರೂ ಇಲ್ಲ. ಅದು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಗುರುವಾರ ಸಮಿತಿಯ ಮುಂದೆ ಇದನ್ನು ಓದಿದೆ. ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. "ಎಷ್ಟು ಜನರ ಮೇಲೆ ಪ್ರಯೋಗ ಆಯ್ತಮ್ಮ?"

"ಒಬ್ಬರ ಮೇಲೆ, ಸರ್."

"ಮಾದರಿಯ ಗಾತ್ರ ಒಂದು" ಎಂದು ಅವರು ಗುಮಾಸ್ತರ ಕಡೆ ತಿರುಗಿ ಬರೆಸಿದರು. "ತೀರಾ ಚಿಕ್ಕದು. ತಿರಸ್ಕರಿಸಲಾಗಿದೆ."

"ಸರ್, ಒಬ್ಬರಿಗೆ ಬರುತ್ತೆ ಅಂದ್ರೆ ಇಬ್ಬರು ನಿಂತ್ರೂ ನಲ್ಲಿ ಹೇಳುತ್ತೆ. ಒಬ್ಬರ ಹಿಂದೆ ಸಿಕ್ಕಮ್ಮನ್ನ ನಿಲ್ಲಿಸೋಣ. ನೀರು ಬಂದ್ರೆ ಅವಳು ದೊಡ್ಡವಳು, ಬರದಿದ್ರೆ ಚಿಕ್ಕವಳು. ಸಾಲಿನ ಮಧ್ಯದವರಿಂದ ಶುರು ಮಾಡಿ ಪ್ರತಿ ಸಲ ಅರ್ಧ ಕೈಬಿಡ್ತಾ ಹೋದರೆ ಒಂಬತ್ತು ಸಲದಲ್ಲಿ ಅವಳ ಜಾಗ ಸಿಗುತ್ತೆ."

"ಇಬ್ಬರು ಸೇರಿದರೆ ಸಾಲು ಆಗೋದಿಲ್ಲ, ಜೊತೆ ಆಗುತ್ತೆ" ಎಂದರು ನಿರ್ದೇಶಕರು. "ಮಂದಿರದ ಪದ್ಧತಿ ಇದೆಯಲ್ಲ. ದಿನಕ್ಕೊಂದು ಜಾಗದಲ್ಲಿ ಪೂರ್ತಿ ಸಾಲಿನ ಜೊತೆ ನಿಲ್ಲಿಸಿ ನೋಡೋಣ."

"ಅದಕ್ಕೆ ನಾನೂರ ಹದಿಮೂರು ದಿನ ಬೇಕಾಗಬಹುದು ಸರ್. ಯುಗಾದಿಗೆ ಇರೋದು ಹದಿನೆಂಟು ದಿನ. ಜೊತೆಗೆ ತಪ್ಪು ಜಾಗದ ದಿನ ಊರಿಗೇ ನೀರಿಲ್ಲ."

"ಸಂಶೋಧನೆ ಅಂದ್ರೆ ತ್ಯಾಗ ಇರುತ್ತಮ್ಮ" ಎಂದು ಅವರು ಎದ್ದರು. ಮೂರು ವರ್ಷದ ಯೋಜನೆಯೊಂದಕ್ಕೆ ಪ್ರಸ್ತಾವ ಕಳಿಸುವುದೆಂದು ನಿರ್ಣಯವಾಯಿತು. ಅದರಲ್ಲಿ ಜೀಪಿನ ಟೈರುಗಳೂ ಸೇರಿದ್ದವು. ಸಿಕ್ಕಮ್ಮನ ಹೆಸರನ್ನು ಪಟ್ಟಿಯಿಂದ ಬಿಟ್ಟು ಕಳಿಸುವುದೆಂದೂ ಆಯಿತು.

ಆ ಸಂಜೆ ಅವಳ ಕೋಣೆಗೆ ಹೋಗಿ ಹೇಳಿದೆ. ಅವಳು ಅವರೆಕಾಳು ಹಿಚುಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನೀರಿಗೇನೆ, ಯಾರಾದ್ರೂ ಅರ್ಧ ಕೊಡ ಕೊಡ್ತಾರೆ. ಬೇಡ್ಕೊಂಡು ತರಬಹುದು" ಎಂದಳು. ಸಿಪ್ಪೆಗಳನ್ನು ಒಂದು ಕಡೆ ಸರಿಸಿ, "ಅಲ್ಲ ವತ್ಸಲಾ, ಎಲ್ಲರ್ಗೂ ನೀನು ಇವನ ಹಿಂದೆ, ಅವಳ ಮುಂದೆ ಅಂತ ಹೇಳಿ ಹೇಳಿ ಕಳ್ಸಿದೀನಿ. ನಂಗೂ ಒಬ್ರು ಮುಂದೆ, ಒಬ್ರು ಹಿಂದೆ ಇದ್ರೆ ಆಗ್ತಿತ್ತು ನೋಡು."

ಮಾರ್ಚ್ ೧೭, ಸೋಮವಾರ, ನಾನು ಬೀರುವಿನ ಪಟ್ಟಿಯನ್ನು ನಕಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ. ಆರು ಮೂವತ್ತಕ್ಕೆ ಸಾಲು ಸರಿಯಾಯಿತು, ಆರು ಐವತ್ತಕ್ಕೆ ಎಲ್ಲರೂ ಹೊರಗೆ ಬಂದರು. ಯಾರು ಬೇಕಾಗುತ್ತಾರೆಂದು ಮೊದಲೇ ಹೇಳಲಾಗದ ಕಾರಣ ಎಲ್ಲರೂ ಹತ್ತು ನಿಮಿಷ ಗೇಟಿನ ಹೊರಗೆ ನಿಲ್ಲಿ ಎಂದು ಕೇಳಿಕೊಂಡೆ. ನಿಂತರು. ಅರ್ಧ ಜನ ಸಿಕ್ಕಮ್ಮನ ಮೇಲಿನ ಅಭಿಮಾನಕ್ಕೆ, ಉಳಿದವರು ಮಂದಿರಕ್ಕೆ ಅವಮಾನವಾಗುವುದನ್ನು ನೋಡಲಿಕ್ಕೆ.

ಮೊದಲು ಇನ್ನೂರ ಆರನೆಯವರು, ಬಳೆ ಅಂಗಡಿಯ ಫಾತಿಮಾಬಿ. ಅವರನ್ನು ಮುಂದೆ, ಸಿಕ್ಕಮ್ಮನನ್ನು ಹಿಂದೆ ನಿಲ್ಲಿಸಿ ನಾನು ಗೇಟು ದಾಟಿ ಹೊರಗೆ ಬಂದೆ. ನಾಲ್ಕು ಸೆಕೆಂಡು. ಎಲ್ಲ ಗೋಡೆಗಳಲ್ಲೂ ನಲ್ಲಿಗಳು ಒಮ್ಮೆಗೇ ಬಿಟ್ಟುಕೊಂಡವು. ಹೊರಗೆ ನಿಂತಿದ್ದ ಜನ ಗೇಟಿಗೆ ಒತ್ತಿಕೊಂಡು ಬಂದರು. ಇಬ್ಬರಿಗೆ ಇಡೀ ಅಂಗಳದ ನೀರು ಬರುವುದನ್ನು ಅವರು ಕಂಡಿರಲಿಲ್ಲ. "ಅಂದ್ರೆ ಆ ಕೊಡಗಳನ್ನ ಇಡೋದು...?" ಎಂದು ಯಾರೋ ಶುರು ಮಾಡಿದರು. ಪಕ್ಕದವರು "ಸುಮ್ನಿರ್ರಿ, ಸಾವಿನ ಮನೆಯೋರು ಇದಾರೆ" ಎಂದರು.

ಮುನ್ನೂರ ಒಂಬತ್ತನೆಯವರ ಹಿಂದೆ ನಿಂತಾಗ ನೀರು ಬರಲಿಲ್ಲ, ಅಂದರೆ ಸಿಕ್ಕಮ್ಮ ಅವರಿಗಿಂತ ಕಿರಿಯಳು. ಇನ್ನೂರ ಐವತ್ತೇಳು, ಬಂತು. ಇನ್ನೂರ ಎಂಬತ್ಮೂರು, ಬಂತು. ಇನ್ನೂರ ತೊಂಬತ್ತಾರು, ಇಲ್ಲ. ಇನ್ನೂರ ಎಂಬತ್ತೊಂಬತ್ತು, ಬಂತು. ಈಗ ಜನರೇ ಎಣಿಸತೊಡಗಿದ್ದರು. ಇನ್ನೂರ ತೊಂಬತ್ತೆರಡು ಗಡಿಯಾರ ರಿಪೇರಿ ಪಂಪಾಪತಿ. ಅವರ ಹಿಂದೆ ನೀರು ಬರಲಿಲ್ಲ. ಇನ್ನೂರ ತೊಂಬತ್ತರ ಹಿಂದೆ ಬಂತು. ಎಂಟು ಸಲ ಮುಗಿದು ಗಡಿಯಾರದಲ್ಲಿ ಆರು ಐವತ್ತೇಳೂವರೆ. ಉಳಿದದ್ದು ಒಬ್ಬರು. ನಾನು ಪಟ್ಟಿ ನೋಡಿದೆ. ಇನ್ನೂರ ತೊಂಬತ್ತೊಂದನೆಯವರು ಜನರನ್ನು ತಳ್ಳಿಕೊಂಡು ನನ್ನ ಕಡೆಗೇ ಬರುತ್ತಿದ್ದರು. ಬೀರು ತೆರೆದದ್ದು ಅವರಿಗೆ ಗೊತ್ತಾಗಿತ್ತು.

"ಸರ್" ಎಂದೆ, "ಈಗ ನೀವೇ."

"ಯಾರ ಅನುಮತಿ ತಗೊಂಡು ಪಟ್ಟಿ ಮುಟ್ಟಿದಿರಿ?"

"ಆಮೇಲೆ ಹೇಳ್ತೀನಿ ಸರ್. ಎರಡೇ ನಿಮಿಷ ಇದೆ. ಒಳಗೆ ಹೋಗಿ ನಿಲ್ಲಿ."

"ನಾನು ಪ್ರಯೋಗ ಮಾಡ್ಸೋನು ಕಣಮ್ಮ, ಪ್ರಯೋಗದ ವಸ್ತು ಅಲ್ಲ."

"ದಿನಾ ನನ್ನ ಮೂಗಿನ ಮುಂದೆ ಕೊಡ ಹಿಡ್ಕೊಂಡು ನಿಲ್ಲೋವಾಗ ಏನಾಗಿರ್ತೀಯೋ ನಂಜರಾಜ?" ಎಂದರು ಪಂಪಾಪತಿ. ಜನ ನಕ್ಕರು. "ಸಾಹೇಬ್ರಿಗೆ ವಯಸ್ಸಿನ ಹೆದ್ರಿಕೆ" ಎಂದು ಹಿಂದಿನಿಂದ ಒಂದು ಹೆಣ್ಣುದನಿ. ದಾಖಲೆಯ ಪ್ರಕಾರ ನಿರ್ದೇಶಕರಿಗೆ ಐವತ್ತಾರು. ಸಾಲಿನಲ್ಲಿ ಅವರ ಅಕ್ಕಪಕ್ಕದವರಿಗೆಲ್ಲ ಅರವತ್ತು. ಇದು ಊರಿಗೆಲ್ಲ ಗೊತ್ತಿದ್ದ ಗೌಪ್ಯ.

ಐವತ್ತೆಂಟು ದಾಟಿತು. ಸಿಕ್ಕಮ್ಮ ಗೇಟಿನ ಹತ್ತಿರ ಬಂದಳು. ಸೀರೆ ಮೊಣಕಾಲವರೆಗೆ ಒದ್ದೆ. "ಸಾಮಿ, ನಿಮ್ಮ ಮಗಳಿಗೆ ಅವಳಿ ಹುಟ್ಟಿದಾಗ ವಾರ್ಡಿನ ಬಾಗಿಲಲ್ಲಿ ನಿಂತು ನನ್ನನ್ನ ಏನು ಕೇಳಿದ್ರಿ, ನೆನಪೈತಾ?"

ನಿರ್ದೇಶಕರು ಫೈಲಿನ ದಾರ ಬಿಗಿದರು.

"'ಸಿಕ್ಕಿ, ಮೊದಲು ಬಂದೋನು ಯಾವನೇ' ಅಂತ ಕೇಳಿದ್ರಿ. ನಾನು ಆಗ್ಲೇ ಮೊದಲನೇ ಕೂಸಿನ ಕಾಲಿಗೆ ಕರಿದಾರ ಕಟ್ಟಿದ್ದೆ. ಅದು ನಿಮ್ಮ ಮನೆಗೆ ಬೇಕಾಗ್ತದೆ ಅಂತ ಗೊತ್ತಿತ್ತು. ಹೇಳ್ದೆ, ಅಲ್ವಾ? ಈಗ ನಾನು ಕೇಳ್ತಾ ಇದೀನಿ. ನೀವು ಹೇಳ್ರಿ."

ಅವರು ಕೈಯಲ್ಲಿದ್ದ ಫೈಲನ್ನು ನನಗೆ ಕೊಟ್ಟು ಒಳಗೆ ಹೋದರು. ಚಪ್ಪಲಿ ಬಿಡುವುದನ್ನೂ ಮರೆತರು. ಗೋಡೆಯ ಕಡೆ ಮುಖ ಮಾಡಿ ನಿಂತರು. ಅವರ ಹಿಂದೆ ಸಿಕ್ಕಮ್ಮ. ಒಂದು, ಎರಡು, ಮೂರು. ನಾಲ್ಕು ದಾಟಿದಂತೆ ನನಗನ್ನಿಸಿತು, ಆದರೆ ಗಡಿಯಾರದಲ್ಲಿ ಇನ್ನೂ ಮೂರೇ ಇತ್ತು. ಆಮೇಲೆ ನೀರು ಬಂತು, ಅವರ ಚಪ್ಪಲಿ ಪಂಚೆ ಎಲ್ಲ ನೆನೆಯಿತು. ಸಿಕ್ಕಮ್ಮ ಕದಲದೆ ನಲ್ಲಿ ನೋಡುತ್ತ ನಿಂತುಬಿಟ್ಟಿದ್ದಳು. ನಿರ್ದೇಶಕರೇ ತಿರುಗಿ, ನಾವೆಲ್ಲ ಕೇಳುವಂತೆ ಹೇಳಿದರು: "ಕೊಡ ಇಡಕ್ಕ, ನೀರು ಹರಿದು ಹೋಗ್ತಿದೆ."

ಆಮೇಲಿನದು ಸಣ್ಣಪುಟ್ಟದ್ದು. ನನಗೆ ನೋಟಿಸು ಬಂತು, ಕಾಗುಣಿತದ ತಪ್ಪುಗಳ ಪಟ್ಟಿಯೂ ಜೊತೆಗಿತ್ತು. ಜೊತೆ-ಪದ್ಧತಿಯನ್ನು ಮಂದಿರವೇ ಕಂಡುಹಿಡಿದದ್ದೆಂದು ವರದಿ ಬಂತು. ಅದರಲ್ಲಿ ನನ್ನ ಹೆಸರು ಗಡಿಯಾರ ಒದಗಿಸಿದವರ ಸಾಲಿನಲ್ಲಿದೆ. ಒಬ್ಬೊಬ್ಬರೇ ಒಳಗೆ ಹೋದರೂ ನೀರು ಬರುತ್ತದೆ ಎಂದು ಗೊತ್ತಾದ ಮೇಲೆ ಇನ್ನು ವಿಂಗಡಣೆಯೇ ಬೇಡವೆಂದು ಊರು ಒಂದು ವಾರ ಹಾಗೆಯೇ ಮಾಡಿ ನೋಡಿತು. ಯಾರು ಮೊದಲು ಒಳಗೆ ಹೋಗಬೇಕೆಂದು ಗೇಟಿನಲ್ಲಿ ಹೊಡೆದಾಟವಾಯಿತು, ಒಂದು ಕೈ ಮುರಿಯಿತು. ದಿನಕ್ಕೆ ಅರವತ್ತು ಮನೆಗೂ ನೀರು ಸಿಗಲಿಲ್ಲ. ಎಂಟನೆಯ ದಿನ ಯಾರೂ ಹೇಳದೆ ಜನ ಮತ್ತೆ ವಯಸ್ಸಿನ ಪ್ರಕಾರ ನಿಂತಿದ್ದರು. ಗೇಟಿನ ಹೊರಗಿನ ಸಾಲಿನ ಅಧ್ಯಯನಕ್ಕೆಂದು ಮಂದಿರ ಒಂದು ಶಾಖೆ ತೆರೆಯಿತು. ಬಿಲ್ಲೆಗಳು ಬಂದ ಮೇಲೆ ಎಲ್ಲ ಮೊದಲಿನಂತೆ ಅಂಗಳದೊಳಗೇ ನಡೆಯಿತು. ಗೈರಾದವರ ಕೊಡವನ್ನು ಈಗಲೂ ತಂದಿಡುತ್ತಾರೆ. ಅದನ್ನು ಬಿಡಿಸಲು ನಾನೂ ಹೋಗಿಲ್ಲ.

ಬಿಲ್ಲೆಯ ವಿಷಯದಲ್ಲಿ ಒಂದು ತೊಡಕಾಯಿತು. ಇನ್ನೂರ ತೊಂಬತ್ತೊಂದರ ನಂತರ ಒಬ್ಬರನ್ನು ಸೇರಿಸಿದರೆ ಹಿಂದಿನ ನೂರ ಇಪ್ಪತ್ತೊಂದು ಬಿಲ್ಲೆಗಳನ್ನೂ ಮತ್ತೆ ಕೊರೆಸಬೇಕು. ಪುರಸಭೆ ಮನೆ ನಂಬರಿಗೆ ಮಾಡುವುದನ್ನೇ ಇಲ್ಲೂ ಮಾಡಿತು. ಯುಗಾದಿಯ ಬೆಳಿಗ್ಗೆ ಸಿಕ್ಕಮ್ಮ ೨೯೧/ಎ ಎಂಬ ಬಿಲ್ಲೆಯ ಮೇಲೆ, ನಿರ್ದೇಶಕರ ಬೆನ್ನಿನ ಹಿಂದೆ, ಪಂಪಾಪತಿಯವರ ಮುಂದೆ ನಿಂತಳು.

ಅವತ್ತು ಮಧ್ಯಾಹ್ನ ಒಬ್ಬಟ್ಟು ತೆಗೆದುಕೊಂಡು ಅವಳ ಕೋಣೆಗೆ ಹೋದೆ. ಅಷ್ಟರಲ್ಲಿ ನಾನು ಪಂಪಾಪತಿಯವರ ಜಾತಕ ನೋಡಿ ಬಂದಿದ್ದೆ. ನಿರ್ದೇಶಕರು ತಮ್ಮದನ್ನು ಒಂದು ಲಕೋಟೆಯಲ್ಲಿ, ಮೇಲೆ ಏನೂ ಬರೆಯದೆ, ನನ್ನ ಮೇಜಿನ ಮೇಲೆ ಇಟ್ಟಿದ್ದರು. ಪಂಪಾಪತಿ ಹುಟ್ಟಿದ್ದು ೧೯೫೩ರ ನವೆಂಬರ್ ೯ರ ಬೆಳಗಿನ ಜಾವ ನಾಲ್ಕು ಹತ್ತಕ್ಕೆ. ನಂಜರಾಜಯ್ಯನವರು ಅದೇ ತಿಂಗಳ ೧೫ರ ಸಂಜೆ ಆರೂವರೆಗೆ. ಇವೆರಡರ ನಡುವೆ ಎಲ್ಲೋ ಸಿಕ್ಕಮ್ಮ.

"ಇಂಥದ್ದೇ ದಿನ ಅಂತ ಹೇಳೋಕೆ ಆಗೋದಿಲ್ಲ ಸಿಕ್ಕಮ್ಮ" ಎಂದೆ. "ಇದಕ್ಕಿಂತ ಹತ್ತಿರ ಹೋಗೋಕೆ ಮಧ್ಯದಲ್ಲಿ ಹುಟ್ಟಿದೋರು ಸಾಲಲ್ಲಿ ಯಾರೂ ಇಲ್ಲ."

ಅವಳು ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದವಳು ಚಮಚ ಕೆಳಗಿಟ್ಟಳು. "ನೋವು ತಿಂದ್ಕೊಂಡು ನಾಲ್ಕು ದಿನ ಮಲಗಿದ್ದೋರ್ನ ನೋಡಿದೀನಿ ನಾನು" ಎಂದಳು. "ಅವರಿಬ್ಬರ ನಡುವೆ ಎಲ್ಲ ಸೇರಿ ಎಷ್ಟಾಯ್ತು ಹೇಳು."

ನಾನು ಚೀಟಿಯ ಮೇಲೆ ಬರೆದು ತಂದಿದ್ದೆ. ಆದರೂ ಇನ್ನೊಮ್ಮೆ ಲೆಕ್ಕ ಹಾಕಿ ಹೇಳಿದೆ. ಆರು ದಿನ, ಹದಿನಾಲ್ಕು ಗಂಟೆ, ಇಪ್ಪತ್ತು ನಿಮಿಷ.